ಮೂರು ಪಟ್ಟೆಯ ಸ್ಕೀ

ನವೆಂಬರ್ ಬಂತೆಂದರೆ ಟಕ್ವಿಲಾ ಎಂಬ ಈ ಪರದೇಶದ ಊರಿನಲ್ಲಿ ನಮ್ಮ ಟೈರ್ ಅಂಗಡಿಯ ಮುಂದೆ ಕಾರುಗಳ ಸಾಲು ರಸ್ತೆಯವರೆಗೂ ಬೆಳೆಯುತ್ತಿತ್ತು. ಅದರಲ್ಲಿ ನಮ್ಮವರ ಕಾರು ಯಾವುದೆಂದು ನಾನು ನಿಂತಲ್ಲಿಂದಲೇ ಹೇಳುತ್ತಿದ್ದೆ. ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣಪ, ಹಿಂದಿನ ಸೀಟಿನಲ್ಲಿ ಅಕ್ಕಿ ಮೂಟೆ, ಇಳಿಯುವವನ ಕೊರಳಲ್ಲಿ ಕಂಪನಿಯ ಬ್ಯಾಡ್ಜು. ಭಾನುವಾರ ಬಂದರೂ ಬ್ಯಾಡ್ಜು. ನನ್ನ ಬಾಯಲ್ಲಿ ಕನ್ನಡ ಕೇಳಿದ ಕೂಡಲೇ ಅವರ ಮುಖ ಅರಳುತ್ತಿತ್ತು, ಅರಳಿದ ಕೂಡಲೇ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಅಣ್ಣಾ, ಪಾಸ್‌ಗೆ ಸ್ಕೀಯಿಂಗ್ ಹೋಗೋಣ ಅಂತಿದೀವಿ. ವರ್ತಾ?”

ಪಾಸ್ ಎಂದರೆ ಊರಿನಿಂದ ಪೂರ್ವಕ್ಕೆ ಒಂದು ಗಂಟೆ ಹೋದರೆ ಹೆದ್ದಾರಿ ಬೆಟ್ಟ ದಾಟುವ ಜಾಗ. ಅಲ್ಲೇ ರಸ್ತೆ ಪಕ್ಕದಲ್ಲಿ ಸ್ಕೀ ಮಾಡುವ ಗುಡ್ಡ. ಇನ್ನೂ ಒಳ್ಳೆಯ ಬೆಟ್ಟಗಳು ದೂರದಲ್ಲಿವೆಯಂತೆ, ಒಣ ಹಿಮವಂತೆ, ಹತ್ತಿಯ ಹಾಗಂತೆ. ನಮ್ಮದು ಊರಿಗೆ ಹತ್ತಿರದ್ದು, ಅದೊಂದೇ ಅದರ ಗುಣ. ಮೋಡ ಅಷ್ಟು ದೂರ ಬಂದು, ಹಿಮ ಸುರಿಸುವುದೋ ಮಳೆ ಸುರಿಸುವುದೋ ಎಂದು ತೀರ್ಮಾನವಾಗದೆ ಎರಡನ್ನೂ ಸುರಿಸಿ ಹೋಗುತ್ತದೆ. ಕೆಳಗೆ ಬಿದ್ದದ್ದು ಕಲಸಿಟ್ಟ ಸಿಮೆಂಟಿನಂತೆ ಇರುತ್ತದೆ. ಇದನ್ನು ನಾನು ಹೇಳುತ್ತಿಲ್ಲ, ಇಲ್ಲಿ ಹುಟ್ಟಿದವರೇ ಅದನ್ನು ಕಾಂಕ್ರೀಟ್ ಎಂದು ಕರೆಯುತ್ತಾರೆ.

ಮತ್ತೆ ಈ ‘ವರ್ತಾ’, ಅಂದರೆ ಕೊಟ್ಟ ದುಡ್ಡಿಗೆ ತಕ್ಕದ್ದಾ ಎಂದು. ಮಗುವಿನ ಪ್ಲೇಸ್ಕೂಲು, ಮನೆಯ ಕಾರ್ಪೆಟ್ಟು, ಹಲ್ಲುಜ್ಜುವ ಬ್ರಷ್ಷು, ಎಲ್ಲಕ್ಕೂ ಇವರಿಗೆ ಅದೇ ಪ್ರಶ್ನೆ. ಇಷ್ಟೆಲ್ಲ ಓದಿದ ಜನ, ತಮ್ಮ ಅಂಗಿ ಒದ್ದೆಯಾಗಿದೆಯೇ ಎಂದು ತಿಳಿಯುವುದಕ್ಕೂ ಇನ್ನೊಬ್ಬರ ರಿವ್ಯೂ ನೋಡುತ್ತಾರೆ.

“ಬೇಡಿ ಸಾರ್,” ಅನ್ನುತ್ತಿದ್ದೆ. “ಒದ್ದೆ ಆಗೋದಕ್ಕೆ ಅಷ್ಟು ದೂರ ಯಾಕೆ? ನಿಮ್ಮ ಬಾಲ್ಕನೀಲಿ ನಿಂತ್ಕೊಳ್ಳಿ, ಕೆಲಸ ಆಗುತ್ತೆ.”

ಅವರು ನಗುತ್ತಿದ್ದರು. ನಕ್ಕು, ಟೈರಿಗೆ ಸುತ್ತುವ ಚೈನು ಕೊಂಡು, ಹೋಗಿಯೇ ಹೋಗುತ್ತಿದ್ದರು.

ಪಾಸ್ ಅನ್ನು ಕಣ್ಣಿನಲ್ಲಿ ನೋಡುವ ಮೊದಲೇ ನಾನು ಈ ಉತ್ತರ ಕೊಡುತ್ತಿದ್ದೆ. ಅದಕ್ಕೆ ನೋಡಬೇಕಾಗಿಯೂ ಇರಲಿಲ್ಲ, ಹೋಗಿ ಬಂದವರ ಮುಖ ನೋಡಿದ್ದರೆ ಸಾಕಿತ್ತು. ನಾನು ಎಂಟನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ಮೈಸೂರಿನ ಗ್ಯಾರೇಜು ಸೇರಿದವನು. ಮದುವೆಯಾಗಿ ಇಲ್ಲಿಗೆ ಬಂದಿದ್ದ ಅಕ್ಕ ನನಗಾಗಿ ವೀಸಾ ಅರ್ಜಿ ಹಾಕಿದ್ದಳು. ನಾವೆಲ್ಲ ಅದನ್ನು ಮರೆತೇಬಿಟ್ಟ ಮೇಲೆ ಅದು ಮಂಜೂರಾಯಿತು. ಹೆಂಡತಿಯನ್ನೂ ಕೈಗೂಸು ಮಗಳನ್ನೂ ಕರೆದುಕೊಂಡು ಬಂದೆ. ಬಂದ ವಾರವೇ ಕೆಲಸ ಹಿಡಿದೆ. ಒಂದು ದಿನ ಸುಮ್ಮನೆ ಕೂತವನಲ್ಲ, ಯಾರ ಮುಂದೆಯೂ ಕೈ ಚಾಚಿದವನಲ್ಲ. ಅಂಥವನಿಗೆ, ಮೆಷೀನಿನಲ್ಲಿ ಮೇಲೆ ಹೋಗಿ ಮೈ ನೋಯಿಸಿಕೊಂಡು ಕೆಳಗೆ ಬರುವುದು ಯಾಕೆ ಎಂದು ಅರ್ಥವಾಗದಿದ್ದರೆ ಅದು ನನ್ನ ದಡ್ಡತನವೇನಲ್ಲ.

ಅಕ್ಕನ ಗಂಡ, ಅಂದರೆ ನನ್ನ ಭಾವ, ಕಂಪ್ಯೂಟರ್ ಕಂಪನಿಗಳೇ ತುಂಬಿದ ಸೌತ್ ಲೇಕ್ ಯೂನಿಯನ್ ಬಡಾವಣೆಯಲ್ಲಿ ಕೆಲಸ ಮಾಡುತ್ತಿದ್ದರು. ಕ್ರೇನುಗಳು ಮರಗಳಿಗಿಂತ ಹೆಚ್ಚಾಗಿದ್ದ ವರ್ಷಗಳು ಅವು. ಭಾವ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಳಿಗಾಲ ಬಂದರೆ ಅವರೊಳಗೆ ಸ್ವಿಟ್ಜರ್ಲೆಂಡಿನವನೊಬ್ಬ ಎದ್ದು ಕೂರುತ್ತಿದ್ದ. ಕಿತ್ತಳೆ ಬಣ್ಣದ ಜಾಕೆಟ್ಟು, ಮೀನಿನ ಕಣ್ಣಿನಂಥ ಕನ್ನಡಕ, ಹೆಲ್ಮೆಟ್ಟು, ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ. ಜಾಕೆಟ್ಟಿನ ಬೆಲೆಚೀಟಿಯನ್ನು ಕೀಳದೆ ತೋಳಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು, ಮಾರ್ಚ್ ತಿಂಗಳಲ್ಲಿ ಅಂಗಡಿಗೆ ವಾಪಸ್ ಕೊಟ್ಟು ದುಡ್ಡು ಹಿಂದಕ್ಕೆ ಪಡೆಯಬೇಕಲ್ಲ. ನಮ್ಮವರಲ್ಲಿ ಅರ್ಧ ಜನ ಹೀಗೇ. ಗುಡ್ಡದ ಮೇಲೆ ಒಬ್ಬನ ತೋಳಿನಿಂದ ಚೀಟಿ ಹೊರಗೆ ಇಣುಕಿದರೆ, ಆತ ನಮ್ಮ ಕಡೆಯವನು ಎಂದು ಧೈರ್ಯವಾಗಿ ಕನ್ನಡದಲ್ಲಿ ಮಾತಾಡಿಸಬಹುದು.

ಅಷ್ಟಾದರೂ ನನಗೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಶುರುವಾದದ್ದು ಮಗಳು ಆರನೇ ಕ್ಲಾಸಿಗೆ ಬಂದಾಗ. ಅವಳ ಶಾಲೆಯಿಂದ ಚಳಿಗಾಲದ ಶನಿವಾರಗಳಲ್ಲಿ ಪಾಸ್‌ನ ಗುಡ್ಡಕ್ಕೆ ಒಂದು ಬಸ್ಸು ಹೋಗುತ್ತಿತ್ತು. ಮಕ್ಕಳು ಬೆಳಿಗ್ಗೆ ಹತ್ತಿದರೆ ಸಂಜೆ ಇಳಿಯುವುದು.

ನನಗೆ ವಾರಕ್ಕೆ ಒಂದೇ ರಜ, ಶನಿವಾರ. ಹೆಂಡತಿಗೆ ಅವತ್ತೂ ಏರ್‌ಪೋರ್ಟಿನ ಅಂಗಡಿಯಲ್ಲಿ ಡ್ಯೂಟಿ. ಹಾಗಾಗಿ ಶನಿವಾರ ನನ್ನದೂ ಮಗಳದೂ. ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಆಮೇಲೆ ಅಪಾರ್ಟ್‌ಮೆಂಟಿನವರು ಎಸೆಯಲು ಹೊರಟ ಟೋಸ್ಟರು, ಫ್ಯಾನು, ಸೈಕಲ್ಲು, ಏನಾದರೊಂದನ್ನು ತಂದು ಅಡಿಗೆಮನೆಯ ನೆಲದ ಮೇಲೆ ಬಿಚ್ಚುತ್ತಿದ್ದೆವು. ಅವಳು ಟಾರ್ಚ್ ಹಿಡಿಯುತ್ತಿದ್ದಳು. ಸ್ಕ್ರೂ ಬಿಚ್ಚುತ್ತಿದ್ದವಳೂ ಅವಳೇ, ನನಗಿಂತ ಅವಳ ಬೆರಳು ಸಣ್ಣದಲ್ಲವೇ. ಸತ್ತ ಫ್ಯಾನು ತಿರುಗಿದರೆ ಇಬ್ಬರೂ ಅದರ ಮುಂದೆ ಕೂತು ಗಾಳಿ ತೆಗೆದುಕೊಳ್ಳುತ್ತಿದ್ದೆವು, ಚಳಿಯಲ್ಲೂ. ಆ ದಿನವನ್ನು ಒಂದು ಬಸ್ಸು ಬಂದು ಎತ್ತಿಕೊಂಡು ಹೋಗುವುದೆಂದರೆ?

ಮಗಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಏನಾದರೂ ಬೇಕಾದಾಗ ಕನ್ನಡ ಹೊರಗೆ ಬರುತ್ತದೆ. ಅವತ್ತು ರಾಗವಾಗಿ ಬಂತು.

“ಅಪ್ಪಾ, ನಂಗೆ ಸ್ಕೀ ಬಸ್‌ಗೆ ಹೋಗಬೇಕು. ಪ್ಲೀಸ್. ಶನಿವಾರ ಮಾತ್ರ.”

“ಶನಿವಾರ ಮಾತ್ರ ಅಂದ್ರೆ? ನಂಗೆ ಇನ್ಯಾವ ವಾರ ಇದೆ?”

“ಎವ್ರಿಬಡಿ ಈಸ್ ಗೋಯಿಂಗ್.”

“ಹೋಗಿ ಏನ್ ಮಾಡ್ತಾರೆ? ಮೇಲಕ್ಕೆ ಹೋಗೋದು, ಕೆಳಕ್ಕೆ ಜಾರೋದು. ಸಂಜೆ ನೋಡಿದ್ರೆ ಬೆಳಿಗ್ಗೆ ಇದ್ದಲ್ಲೇ ಇರ್ತಾರೆ.”

“ಯು ಆರ್ ಜಸ್ಟ್ ಸ್ಕೇರ್ಡ್.”

“ಹೆದರಿಕೆನಾ? ನಂಗಾ?”

“ಮಾಮ ಹೇಳಿದ್ರು. ಹೀ ಸೆಡ್, ನಿಮ್ಮಪ್ಪ ಬಿದ್ದುಬಿಡ್ತೀನಿ ಅಂತ ಬರಲ್ಲ.”

ಭಾವ ಹಾಗೆ ಹೇಳಿದರೋ ಇಲ್ಲವೋ, ಮಾತು ಹೋಗಿ ತಾಕಬೇಕಾದ ಜಾಗಕ್ಕೆ ತಾಕಿತು. “ನೋಡು,” ಅಂದೆ. “ನಾನೂ ಬರ್ತೀನಿ. ಒಂದ್ಸಲವೂ ಬೀಳದೆ ಇಳಿದು ತೋರಿಸ್ತೀನಿ. ಇಳಿದ್ರೆ ಬಸ್ಸಿನ ಸುದ್ದಿ ಎತ್ತಬಾರದು.”

“ಅಂಡ್ ಇಫ್ ಯು ಫಾಲ್?”

“ಬಿದ್ದರೆ ಹೋಗು.”

ಅವಳು ಕೈ ಮುಂದೆ ಚಾಚಿದಳು. ನಾನೂ ಕೈ ಕೊಟ್ಟೆ. ಒಲೆಯ ಮುಂದಿದ್ದ ಹೆಂಡತಿ ತಿರುಗಿಯೂ ನೋಡಲಿಲ್ಲ. “ಅಪ್ಪ ಮಗಳು ಇಬ್ರೂ ಕಾಲು ಮುರ್ಕೊಂಡು ಬನ್ನಿ. ಒಬ್ರಿಗೆ ಗಂಜಿ, ಇನ್ನೊಬ್ರಿಗೂ ಗಂಜಿ. ನಂಗೂ ಒಂದೇ ಅಡಿಗೆ ಆಗುತ್ತೆ.”

ಬಾಡಿಗೆ ಹತ್ಯಾರಿನಲ್ಲಿ ನಾನು ಕೆಲಸ ಮಾಡುವುದಿಲ್ಲ. ಹಳೇ ಸಾಮಾನಿನ ಅಂಗಡಿಗೆ ಹೋಗಿ ಒಂದು ಜೊತೆ ಸ್ಕೀ, ಒಂದು ಜೊತೆ ಬೂಟು, ಊರಿಕೊಳ್ಳಲು ಎರಡು ಕೋಲು ತಂದೆ. ಸ್ಕೀ ಎಂದರೆ ನನ್ನಷ್ಟೇ ಉದ್ದದ ಎರಡು ಹಲಗೆಗಳು, ತುದಿ ಮೇಲಕ್ಕೆ ಬಾಗಿದವು. ಮನೆಗೆ ಹೊಸ ಹತ್ಯಾರು ಬಂದರೆ ಮೊದಲು ಪೂಜೆ. ಗ್ಯಾರೇಜಿನಲ್ಲಿ ನನ್ನ ಗುರು ಕಲಿಸಿದ್ದು ಅದು. ವಿಭೂತಿಯಾದರೆ ಒಂದು ಮಳೆಗೆ ತೊಳೆದುಹೋಗುತ್ತದೆ, ಅದಕ್ಕೇ ಆತ ಬಿಳಿ ಪೇಂಟಿನಲ್ಲಿ ಮೂರು ಪಟ್ಟೆ ಎಳೆದು, ನಡುವೆ ಕೆಂಪು ಬೊಟ್ಟು ಇಡುತ್ತಿದ್ದ. ಎಳೆಯುವುದು ಎಲ್ಲಿಗೆ? ಹತ್ಯಾರು ಕೆಲಸ ಮಾಡುವ ಕಡೆಗೆ. ಸುತ್ತಿಗೆಯಾದರೆ ತಲೆಗೆ, ಸ್ಪ್ಯಾನರಾದರೆ ಬಾಯಿಗೆ. ಟಕ್ವಿಲಾದ ಅಂಗಡಿಯಲ್ಲಿಯೂ ನನ್ನ ಹತ್ಯಾರುಗಳಿಗೆಲ್ಲ ಪಟ್ಟೆಗಳಿದ್ದವು. ಮಾಲೀಕ ಅದನ್ನು ರೇಸಿಂಗ್ ಕಾರಿನ ಪಟ್ಟೆ ಎಂದುಕೊಂಡಿದ್ದ, ನಾನೂ ಬಿಡಿಸಿ ಹೇಳಲು ಹೋಗಿರಲಿಲ್ಲ.

ಸ್ಕೀ ಕೆಲಸ ಮಾಡುವುದು ತಳದಲ್ಲಿ. ಬೋರಲು ಹಾಕಿ, ತಳಕ್ಕೆ ಅಡ್ಡಡ್ಡ ಮೂರು ಪಟ್ಟೆ ಎಳೆದೆ, ಒಂದಕ್ಕೆ ಎರಡು ಕೋಟು. ನಡುವೆ ಬೊಟ್ಟು. ಊದಿನಕಡ್ಡಿ ಹಚ್ಚಿದೆ. ಒಣಗಿದ ಮೇಲೆ ನೋಡಲು ಚೆನ್ನಾಗಿತ್ತು.

ಆ ಶನಿವಾರ ಭಾವನ ಕಾರಿನಲ್ಲಿ ಮೂವರು ಹೊರಟೆವು. ಊರಿನಲ್ಲಿ ಮಳೆ. ದಾರಿಯಲ್ಲಿ ಮಳೆ. ಬೆಟ್ಟ ಹತ್ತುತ್ತಿದ್ದಂತೆ ಮಳೆ ಸ್ವಲ್ಪ ದಪ್ಪವಾಯಿತು, ಭಾವ “ಸ್ನೋ! ಸ್ನೋ!” ಎಂದು ಸ್ಟೀರಿಂಗ್ ತಟ್ಟಿದರು. ಸಾಲುಗಟ್ಟಿ ನಿಂತ ಕಾರುಗಳ ಹಿಂದೆ ಇಂಚಿಂಚಾಗಿ ತೆವಳಿ ಪಾರ್ಕಿಂಗ್ ಸೇರಿದೆವು. ಅದು ತುಂಬಿತ್ತು. ಇನ್ನೊಂದೂ ತುಂಬಿತ್ತು. ಮೂರನೆಯದರಲ್ಲಿ ಜಾಗ ಸಿಕ್ಕಿತು, ಅಲ್ಲಿಂದ ಗುಡ್ಡ ಕಾಣುತ್ತಲೇ ಇರಲಿಲ್ಲ. ಆ ಬೂಟು ಹಾಕಿಕೊಂಡು ನಡೆಯುವುದೆಂದರೆ ಎರಡು ಬಕೆಟ್ಟಿನಲ್ಲಿ ಕಾಲಿಟ್ಟು ನಡೆದಂತೆ. ಪಕ್ಕದ ಹೆದ್ದಾರಿಯಲ್ಲಿ ಲಾರಿಗಳು ಹೋಗುವ ಸದ್ದು. ಇಷ್ಟು ಕಷ್ಟಪಟ್ಟು ಪ್ರಕೃತಿಯ ಮಡಿಲಿಗೆ ಬಂದವರ ಕಿವಿಗೆ ಆ ಸದ್ದು ಬೀಳುವುದೇ ಇಲ್ಲ, ಅದೊಂದು ವಿದ್ಯೆ.

ಟಿಕೆಟ್ಟಿಗೆ ಕ್ಯೂ. ಮಗಳ ಬಾಡಿಗೆ ಸ್ಕೀಗೆ ಕ್ಯೂ. ಬಾತ್‌ರೂಮಿಗೆ ಕ್ಯೂ. ಈ ಜನರನ್ನೇ ರೇಷನ್ ಅಂಗಡಿಯ ಮುಂದೆ ಹೀಗೆ ನಿಲ್ಲಿಸಿದ್ದರೆ ಪೇಪರಿಗೆ ಬರೆಯುತ್ತಿದ್ದರು.

ಕಲಿಯುವವರ ಇಳಿಜಾರಿಗೆ ನೆಲದ ಮೇಲೆ ಓಡುವ ರಬ್ಬರ್ ಬೆಲ್ಟಿದೆ. ಅದರ ಮೇಲೆ ನಿಂತರೆ ಅದೇ ಮೇಲಕ್ಕೆ ಒಯ್ಯುತ್ತದೆ, ಏರ್‌ಪೋರ್ಟಿನಲ್ಲಿ ಸೂಟ್‌ಕೇಸು ಹೋದ ಹಾಗೆ. ಮೇಲೆ ನಿಂತು ಭಾವ ಪಾಠ ಶುರುಮಾಡಿದರು.

“ನೋಡಪ್ಪಾ, ಸ್ಪೀಡ್ ಬೇಕಾದ್ರೆ ಫ್ರೆಂಚ್ ಫ್ರೈಸ್, ಎರಡೂ ನೇರ. ನಿಲ್ಲಬೇಕಾದ್ರೆ ಪಿಜ್ಜಾ, ಮುಂದೆ ಚೂಪು, ಹಿಂದೆ ಅಗಲ.”

“ಭಾವ, ಊಟದ ಹೊತ್ತಿಗೆ ಇನ್ನೂ ಟೈಮಿದೆ.”

“ತಮಾಷೆ ಬೇಡ. ನನ್ನನ್ನ ನೋಡ್ತಾ ಇರು.”

ನೋಡಿದೆ. ಭಾವ ಫ್ರೆಂಚ್ ಫ್ರೈಸಿನಲ್ಲಿ ಹೊರಟರು. ಪಿಜ್ಜಾ ಆಗಬೇಕಾದ ಜಾಗದಲ್ಲಿ ಆಗಲಿಲ್ಲ. “ಪಿಜ್ಜಾ! ಪಿಜ್ಜಾ!” ಎಂದು ತಮಗೆ ತಾವೇ ಕೂಗಿಕೊಳ್ಳುತ್ತ, ಬಾಯಲ್ಲಿ ನಿಪ್ಪಲ್ ಇಟ್ಟುಕೊಂಡಿದ್ದ ಒಂದು ಮಗುವಿನ ಪಕ್ಕದಲ್ಲೇ ಹಾದು, ಇಳಿಜಾರಿನ ಅಂಚಿಗೆ ಕಟ್ಟಿದ್ದ ಕಿತ್ತಳೆ ಬಣ್ಣದ ಬಲೆಗೆ ಹೋಗಿ ಸಿಕ್ಕಿಕೊಂಡರು. ಜಾಕೆಟ್ಟೂ ಬಲೆಯೂ ಒಂದೇ ಬಣ್ಣ, ಎಲ್ಲಿ ಯಾವುದು ಮುಗಿಯಿತೆಂದು ತಿಳಿಯುತ್ತಿರಲಿಲ್ಲ. ತೋಳಿನಿಂದ ಬೆಲೆಚೀಟಿ ಮಾತ್ರ ಗಾಳಿಗೆ ಪಟಪಟ ಅನ್ನುತ್ತಿತ್ತು.

ನನ್ನ ಸರದಿ. ಮಗಳು ಆಗಲೇ ಸರಾಗವಾಗಿ ಇಳಿದು ಕೆಳಗೆ ನಿಂತಿದ್ದಳು, ಹಿಂದಿನ ವರ್ಷ ಭಾವನ ಜೊತೆ ಒಮ್ಮೆ ಬಂದವಳಲ್ಲವೇ. ಮನಸ್ಸಿನಲ್ಲೇ ಕೈಮುಗಿದು ಕೋಲು ಊರಿ ತಳ್ಳಿದೆ.

ಸ್ಕೀ ಒಂದು ಗೇಣು ಮುಂದೆ ಹೋಗಿ ನಿಂತಿತು. ಮತ್ತೆ ತಳ್ಳಿದೆ. ಇನ್ನೊಂದು ಗೇಣು. ಇಳಿಜಾರಿನ ನಡುವೆ ನೆಟ್ಟ ಕಂಬದ ಹಾಗೆ ನಿಂತೆ. ಎರಡೂ ಕಡೆಯಿಂದ ಜನ ಕೂಗುತ್ತ, ಉರುಳುತ್ತ ಹೋಗುತ್ತಿದ್ದರು. ನಾನು ತಳ್ಳುತ್ತ, ನಿಲ್ಲುತ್ತ, ಕತ್ತು ನೇರ ಇಟ್ಟುಕೊಂಡು, ಎಲ್ಲೂ ಅಲುಗದೆ ಇಳಿದೆ. ಇದೇನು ಮಹಾ ಕಷ್ಟ ಅನ್ನಿಸಿತು. ಬೀಳುವುದು ಗಡಿಬಿಡಿಯವರ ಹಣೆಬರಹ, ನಾನು ಯಾವತ್ತು ಗಡಿಬಿಡಿ ಮಾಡಿದ್ದೇನೆ?

ಬಲೆಯಿಂದ ಬಿಡಿಸಿಕೊಂಡು ಬಂದಿದ್ದ ಭಾವ ಕೆಳಗೆ ನಿಂತು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. “ಲೋ, ನಾನು ಫೋನ್ ಹ್ಯಾಂಗ್ ಆಗಿದೆ ಅಂದ್ಕೊಂಡೆ ಕಣೋ. ನೋಡಿದ್ರೆ ನೀನೇ!”

“ಬಿದ್ದೆನಾ?”

“ಇಲ್ಲಪ್ಪ, ಬೀಳಲಿಲ್ಲ. ಬೀಳೋಕೂ ಒಂದು ಸ್ಪೀಡ್ ಬೇಕಲ್ಲ.”

ಅವರ ಮಾತು ಇರಲಿ, ನಾನು ನೋಡಿದ್ದು ಮಗಳನ್ನು. ಅವಳು ವಾದ ಮಾಡಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. “ಸರಿ ಅಪ್ಪಾ,” ಅಂದಳು. “ಬಸ್ ಬೇಡ.”

ಕನ್ನಡದಲ್ಲಿ ಅಂದಳು. ಕೇಳುವುದಕ್ಕೆ ಏನೂ ಉಳಿದಿಲ್ಲದಾಗ ಬಂದ ಆ ಕನ್ನಡ ನನ್ನ ಕಿವಿಗೆ ಹಿತವಾಗಲಿಲ್ಲ.

ಗುಡ್ಡದ ಕೆಳಗೊಂದು ದೊಡ್ಡ ಹಾಲ್. ಎಲ್ಲರೂ ಒದ್ದೆ ಸಾಕ್ಸು ಬಿಚ್ಚಿ ಹರವಿಕೊಂಡು ಕೂರುವ ಜಾಗ, ಆ ವಾಸನೆಯಲ್ಲೇ ಕೂತು ಆಲೂಗಡ್ಡೆ ತಿನ್ನುತ್ತಾರೆ. ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ ಬಿಚ್ಚಿದೆವು. ಮಗಳು ಎರಡು ತುತ್ತು ತಿಂದು, ಸ್ಕೀಗಳನ್ನು ನೋಡಿಕೊಂಡು ಬರುತ್ತೇನೆಂದು ಹೊರಗೆ ಹೋದಳು. ನಾನು ಬಾಕ್ಸು ಮುಚ್ಚಿ ಹಿಂದೆಯೇ ಹೋದೆ. ಅವಳು ನನ್ನ ಒಂದು ಸ್ಕೀಯನ್ನು ಬೋರಲು ಹಿಡಿದು ನಿಂತಿದ್ದಳು. ಮೂರು ಪಟ್ಟೆಯ ಮೇಲೆ ಹೆಬ್ಬೆರಳಾಡಿಸುತ್ತಿದ್ದಳು, ಶನಿವಾರ ಟೋಸ್ಟರಿನ ತಂತಿ ಎಲ್ಲಿ ಕಡಿದಿದೆ ಎಂದು ಹುಡುಕುವಾಗ ಮಾಡುವ ಹಾಗೆಯೇ. ಪೇಂಟು ದಿಣ್ಣೆದಿಣ್ಣೆಯಾಗಿತ್ತು, ಅದರ ಅಂಚಿಗೆಲ್ಲ ಹಿಮ ಮೆತ್ತಿತ್ತು.

“ಅಪ್ಪಾ. ಇಟ್ ಹ್ಯಾಸ್ ಬ್ರೇಕ್ಸ್.”

“ಬ್ರೇಕಲ್ಲ ಅದು. ಪೂಜೆ.”

“ಇಟ್ಸ್ ಬ್ರೇಕ್ಸ್, ಅಪ್ಪಾ.” ನಗು ತಡೆದುಕೊಳ್ಳುತ್ತಿದ್ದಳು. “ನೀವು ಗೆದ್ರಿ, ದಟ್ಸ್ ಫೈನ್. ಐ ಪ್ರಾಮಿಸ್ಡ್.”

ಮೋಸ ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ಜಗಳ ಆಡಬಹುದಿತ್ತು. ಗೆಲುವನ್ನು ನನಗೆ ಬಿಟ್ಟುಕೊಟ್ಟು ನಿಂತಳು, ದೊಡ್ಡವರು ಮಕ್ಕಳ ಜೊತೆ ಚೌಕಾಬಾರ ಆಡುವಾಗ ಬಿಟ್ಟುಕೊಡುವ ಹಾಗೆ. ಇಷ್ಟು ವರ್ಷ ದುಡಿದು ತಿಂದವನು ನಾನು, ಪೇಂಟಿನ ಕೃಪೆಯಿಂದ ಬಂದ ಗೆಲುವನ್ನು ಹನ್ನೊಂದು ವರ್ಷದವಳ ಕೈಯಿಂದ ಪ್ರಸಾದದ ಹಾಗೆ ತೆಗೆದುಕೊಳ್ಳಬೇಕೇ?

“ಬಾ,” ಅಂದೆ. “ಕೆರೆಸಿಬಿಟ್ಟು ಇನ್ನೊಂದ್ಸಲ ಇಳೀತೀನಿ.”

ಸ್ಕೀಗೆ ಮೇಣ ಹಚ್ಚುವ ಒಂದು ಗೂಡಂಗಡಿಯಿತ್ತು. ಅಲ್ಲಿದ್ದ ಗಡ್ಡದವನು ತಳ ನೋಡಿ ಹುಬ್ಬೇರಿಸಿದ. ಇದೇನೆಂದು ಮಗಳನ್ನು ಕೇಳಿದ.

“ಇಟ್ಸ್ ರಿಲಿಜಿಯಸ್,” ಅಂದಳು ಅವಳು.

ಅಷ್ಟೇ, ಅವನು ಕೆರೆಯುವ ಪಟ್ಟಿಯನ್ನು ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ನಿಮ್ಮ ನಂಬಿಕೆಗೆ ನಾನು ಕೈ ಹಾಕುವುದಿಲ್ಲ, ನನ್ನಿಂದ ಅಪಚಾರವಾಗಬಾರದು ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದ. ಈ ಊರಿನವರು ಹೀಗೇ. ಸಿಗ್ನಲ್ಲಿನಲ್ಲಿ ಎದುರಾಬದುರಾದರೆ ನೀವು ಹೋಗಿ, ನೀವು ಹೋಗಿ ಎಂದು ಹಸಿರು ಕೆಂಪಾಗುವವರೆಗೂ ನಿಂತಿರುತ್ತಾರೆ. ಕೊನೆಗೆ ಅವನ ಪಟ್ಟಿ ಇಸಿದುಕೊಂಡು, ನನ್ನ ದೇವರ ಮೂರು ಪಟ್ಟೆಯನ್ನು ನಾನೇ ಕೆರೆದೆ. ಮಗಳು ಎದುರು ತುದಿಯನ್ನು ಅಲುಗದಂತೆ ಹಿಡಿದುಕೊಂಡಳು. ಅವನು ದೂರದಲ್ಲಿ ಟೋಪಿ ತೆಗೆದು ನಿಂತಿದ್ದ. ಆಮೇಲೆ ಇಸ್ತ್ರಿ ಪೆಟ್ಟಿಗೆಯಂಥದ್ದನ್ನು ಕಾಯಿಸಿ, ಮೇಣ ಕರಗಿಸಿ ತಳಕ್ಕೆ ತೀಡಿಕೊಟ್ಟ. ಮಗಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಎರಡನೇ ಸಲ ಇಳಿದದ್ದನ್ನು ವಿವರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಭಾವನ ವಿಡಿಯೋ ಇದೆ, ನೋಡದ ಕನ್ನಡಿಗ ಈ ಸೀಮೆಯಲ್ಲಿಲ್ಲ. ಬೆಲ್ಟಿನಿಂದ ಇಳಿದದ್ದು ನೆನಪಿದೆ. ಆಮೇಲೆ ಆಕಾಶ, ಆಮೇಲೆ ನನ್ನ ಸ್ಕೀ ನನ್ನನ್ನು ಬಿಟ್ಟು ಮುಂದೆ ಹೋಗುತ್ತಿರುವುದು, ಆಮೇಲೆ ಭಾವ ಸಿಕ್ಕಿಕೊಂಡಿದ್ದ ಅದೇ ಬಲೆ. ಎದ್ದೆ, ಬಿದ್ದೆ. ಪುನಃ ಎದ್ದೆ, ಏಳುವ ಮೊದಲೇ ಬಿದ್ದೆ. ಕಾಂಕ್ರೀಟ್ ಎಂದು ಇಲ್ಲಿಯವರು ಸುಮ್ಮನೆ ಅನ್ನುವುದಿಲ್ಲ.

ಮಗಳು ಜಾರಿಕೊಂಡು ಬಂದು ಪಕ್ಕದಲ್ಲಿ ಗಕ್ಕನೆ ನಿಂತಳು, ಪಿಜ್ಜಾ ಸರಿಯಾಗಿಯೇ ಹಾಕಿದಳು. ಕೈ ಚಾಚಿದಳು.

“ಸೋ?” ಅಂದಳು.

ಬಾಯಲ್ಲಿದ್ದ ಹಿಮ ಉಗಿದೆ. “ಹೋಗು. ಬಸ್ಸಿಗೆ ಹೋಗು.”

“ಥ್ಯಾಂಕ್ಯೂ ಅಪ್ಪಾ.” ಆಮೇಲೆ ಎಬ್ಬಿಸುತ್ತ ಕೇಳಿದಳು, “ಮನೇಲಿ ಐರನ್ ಬಾಕ್ಸ್ ಇದೆ ಅಲ್ವಾ? ನಾವು ಸರಿ ಮಾಡಿದ್ದು?”

ಅದು ಹೌದು, ಯಾರೋ ಎಸೆದದ್ದನ್ನು ದಸರಾ ಹೊತ್ತಿಗೆ ಇಬ್ಬರೂ ಕೂತು ಬದುಕಿಸಿದ್ದೆವು. ಅವಳಿಗೆ ಅಳತೆಯಾಗುವ ಒಂದು ಜೊತೆ ಸ್ಕೀಯನ್ನು ಹಳೇ ಸಾಮಾನಿನ ಅಂಗಡಿಯಲ್ಲೇ ಹುಡುಕಿದೆ. ಆ ಚಳಿಗಾಲದುದ್ದಕ್ಕೂ ಶುಕ್ರವಾರ ಕೆಲಸದಿಂದ ಬಂದ ಕೂಡಲೇ, ಎರಡು ಕುರ್ಚಿಯ ಮೇಲೆ ಸ್ಕೀ ಅಡ್ಡ ಮಲಗಿಸಿ ಮೇಣ ತೀಡಿದೆವು. ಅವಳು ಇಸ್ತ್ರಿ ಪೆಟ್ಟಿಗೆ, ನಾನು ಕೆರೆಯುವ ಪಟ್ಟಿ. ಹೆಂಡತಿ ಒಂದು ದಿನ ನೋಡದೆ ಅದೇ ಪೆಟ್ಟಿಗೆಯನ್ನು ತನ್ನ ರೇಷ್ಮೆ ರವಿಕೆಯ ಮೇಲೆ ಆಡಿಸಿದಳು. ಅವತ್ತು ಅವಳಾಡಿದ ಮಾತು ಅಚ್ಚು ಹಾಕಿಸುವಂಥದ್ದಲ್ಲ.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿಸಿ ಬಂದು, ನಾನೊಬ್ಬನೇ ದೋಸೆ ಹುಯ್ದುಕೊಳ್ಳುತ್ತಿದ್ದೆ. ರಿಪೇರಿಗೆ ಏನನ್ನೂ ತರುತ್ತಿರಲಿಲ್ಲ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಸ್ಕ್ರೂ ಬಿಚ್ಚುವುದು ನನಗೂ ಬರುತ್ತದೆ. ಆದರೂ ತರುತ್ತಿರಲಿಲ್ಲ.

ಗುಡ್ಡಕ್ಕೆ ನಾನು ಮತ್ತೆ ಹೋಗಲಿಲ್ಲ. ಅಂಗಡಿಗೆ ಬಂದವರು “ಅಣ್ಣಾ, ವರ್ತಾ?” ಎಂದರೆ ಇವತ್ತಿಗೂ ಬೇಡ ಎಂದೇ ಹೇಳುತ್ತೇನೆ. ಈಗ ಅನುಭವದಿಂದ ಹೇಳುತ್ತೇನೆ, ಅಷ್ಟೇ ವ್ಯತ್ಯಾಸ. ಅದು ಮಳೆ, ಅದು ಕ್ಯೂ, ಅದು ಒದ್ದೆ ಸಾಕ್ಸು. ದೊಡ್ಡವರಿಗೆ ಅಲ್ಲಿ ಏನೂ ಇಲ್ಲ. ಮಕ್ಕಳಿದ್ದರೆ ನೀವು ಬೇಡ ಅಂದರೂ ಹೋಗುತ್ತಾರೆ, ಹಾಗಿರುವಾಗ ನನ್ನನ್ನು ಕೇಳಿ ಏನು ಪ್ರಯೋಜನ?

ಮುಂದಿನ ಆಯುಧಪೂಜೆಗೆ ಹತ್ಯಾರುಗಳನ್ನೆಲ್ಲ ಹರವಿಕೊಂಡು ಬ್ರಷ್ಷಿಗೆ ಬಿಳಿ ಪೇಂಟು ಅದ್ದಿ ಕೂತಿದ್ದೆ. ಮಗಳು ಒಳಗಿನಿಂದ ತನ್ನ ಸ್ಕೀಗಳನ್ನು ತಂದು ಸುತ್ತಿಗೆಯ ಪಕ್ಕದಲ್ಲಿ ಮಲಗಿಸಿದಳು. ನಾನು ಅವನ್ನು ಬೋರಲು ಹಾಕಲು ಕೈ ಚಾಚಿದೆ. ನನ್ನ ಮಣಿಕಟ್ಟು ಹಿಡಿದಳು.

“ಮೇಲೆ ಅಪ್ಪಾ,” ಅಂದಳು. “ಮೇಲೆ ಮಾತ್ರ.”